ಕೋವಿಡ್ ಬೆಳೆ ಪರಿಹಾರ: ಯಾರಿಗೆ, ಎಷ್ಟು, ಹೇಗೆ

2020ರ ಮಾರ್ಚ್ 25ರ ಯುಗಾದಿಯಂದೇ ದೇಶದಲ್ಲಿ ಲಾಕ್‌ಡೌನ್ ಜಾರಿಗೆ ಬಂತು. ಕರ್ನಾಟಕದ ಹೂ ಬೆಳೆಗಾರರಿಗೆ ಅದು ಜಾತ್ರೆ, ಮದುವೆಗಳ ಸುಗ್ಗಿಯ ಕಾಲ. ದೇವಸ್ಥಾನಗಳು ಬಾಗಿಲು ಹಾಕಿದವು, ಮದುವೆಗಳು ಮುಂದಕ್ಕೆ ಹೋದವು. ರಾಗಿ, ಭತ್ತವನ್ನಾದರೆ ಮನೆಯಲ್ಲಿಟ್ಟು ಬೆಲೆಗಾಗಿ ಕಾಯಬಹುದು. ಬಿಡಿಸಿದ ಸೇವಂತಿಗೆ, ಕನಕಾಂಬರ ಹೆಚ್ಚು ದಿನ ಉಳಿಯುವುದಿಲ್ಲ. ಅನೇಕರು ಅರಳಿದ ಹೂವಿನ ಸಮೇತ ಬೆಳೆಯನ್ನು ಉತ್ತು ಹಾಕಿದರು.

ರಾಜ್ಯ ಸರ್ಕಾರದ ಪರಿಹಾರವೂ ಹೂವಿನಿಂದಲೇ ಮೊದಲಾಯಿತು. ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಪ್ರಕಟಿಸಿದ 1,610 ಕೋಟಿ ರೂಪಾಯಿಗಳ ಪ್ಯಾಕೇಜ್‌ನಲ್ಲಿ ಹೂ ಬೆಳೆಗೆ ಹೆಕ್ಟೇರಿಗೆ 25,000 ರೂಪಾಯಿ ನಿಗದಿಯಾಯಿತು. ಒಬ್ಬ ರೈತನಿಗೆ ಗರಿಷ್ಠ ಒಂದು ಹೆಕ್ಟೇರ್‌ವರೆಗೆ ಮಾತ್ರ. ಕೆಲವೇ ದಿನಗಳಲ್ಲಿ ಹಣ್ಣು, ತರಕಾರಿಗೆ ಹೆಕ್ಟೇರಿಗೆ 15,000 ರೂಪಾಯಿಯಂತೆ 137 ಕೋಟಿ ಸೇರಿತು. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿಯಿಂದ ಕೋಳಿ ಸಾಕಣೆ ಕುಸಿದು, ಅದರ ಮೇವಾದ ಮೆಕ್ಕೆಜೋಳದ ಬೆಲೆಯೂ ಬಿದ್ದಿತ್ತು. ಕ್ವಿಂಟಲ್‌ಗೆ 1,760 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಕೆಳಗಿತ್ತು. ಹಾಗಾಗಿ ಸುಮಾರು 10 ಲಕ್ಷ ಮೆಕ್ಕೆಜೋಳ ಬೆಳೆಗಾರರಿಗೆ ತಲಾ 5,000 ರೂಪಾಯಿ ಕೊಡುವ ತೀರ್ಮಾನವಾಯಿತು. ಎರಡನೇ ಅಲೆಯ ವೇಳೆ, 2021ರ ಮೇ 19ರ ಪ್ಯಾಕೇಜ್‌ನಲ್ಲಿ, ಹೂವು, ಹಣ್ಣು, ತರಕಾರಿ ಮೂರಕ್ಕೂ ದರ ಹೆಕ್ಟೇರಿಗೆ 10,000 ರೂಪಾಯಿಗೆ ಇಳಿಯಿತು.

ಕೇಂದ್ರದ ಪಿಎಂ ಕಿಸಾನ್ ಯೋಜನೆಯಡಿ 2020ರ ಏಪ್ರಿಲ್‌ನಲ್ಲಿ ಬಂದ 2,000 ರೂಪಾಯಿ ಹೊಸ ಹಣವಲ್ಲ. ವರ್ಷಕ್ಕೆ ಸಲ್ಲಬೇಕಾದ 6,000 ರೂಪಾಯಿಯ ಒಂದು ಕಂತನ್ನೇ ಬೇಗ ಕೊಡಲಾಯಿತು.

ರೈತರ ಲೆಕ್ಕ ಎಕರೆ, ಗುಂಟೆಗಳಲ್ಲಿ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಆದ್ದರಿಂದ 2020ರಲ್ಲಿ ಹೂವಿಗೆ ಗುಂಟೆಗೆ ಸುಮಾರು 250 ರೂಪಾಯಿ, 2021ರಲ್ಲಿ 100 ರೂಪಾಯಿ ಬಿತ್ತು. ಹತ್ತು ಗುಂಟೆಯಲ್ಲಿ ಹೂವು ಬೆಳೆದವನ ಪಾಲು 2,500ರಿಂದ 1,000 ರೂಪಾಯಿಗೆ ಇಳಿದಂತಾಯಿತು. ನಿಜವಾದ ನಷ್ಟವನ್ನು ಹೊಲದಿಂದ ಹೊಲಕ್ಕೆ ಅಳೆಯಲು ತಿಂಗಳುಗಳೇ ಬೇಕಾಗುತ್ತಿದ್ದವು. ಏಕರೂಪದ ದರ ಆ ಕೆಲಸವನ್ನು ತಪ್ಪಿಸಿತು. ಆದರೆ ಪಾಲಿಹೌಸ್‌ನ ಜರ್ಬೆರಾಕ್ಕೂ ಬಯಲಿನ ಚೆಂಡು ಹೂವಿಗೂ ಖರ್ಚಿನಲ್ಲಿರುವ ಅಂತರವನ್ನು ಅದು ಗಣಿಸಲಿಲ್ಲ.

ಹಣ ಹಂಚಿಕೆಗೆ ಆಧಾರವಾದದ್ದು ಮೊದಲೇ ಇದ್ದ ಎರಡು ದಾಖಲೆ. ರೈತನ ಆಧಾರ್, ಬ್ಯಾಂಕ್ ಖಾತೆ ಮತ್ತು ಪಹಣಿಯನ್ನು ಒಂದೇ ಗುರುತಿನ ಸಂಖ್ಯೆಯಡಿ ಜೋಡಿಸುವ ‘ಫ್ರೂಟ್ಸ್’ ತಂತ್ರಾಂಶ ಒಂದು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಎಂದು ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸುವ ಬೆಳೆ ಸಮೀಕ್ಷೆ ಇನ್ನೊಂದು. ಎರಡೂ ತಾಳೆಯಾದರೆ ಹಣ ನೇರವಾಗಿ ಖಾತೆಗೆ ಜಮೆ. ಸಮೀಕ್ಷೆಯಲ್ಲಿ ಬೆಳೆ ತಪ್ಪಾಗಿ ನಮೂದಾಗಿದ್ದರೆ ರೈತ ಕಚೇರಿಗೆ ಅಲೆಯಬೇಕು. 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ಫೋಟೊ ತೆಗೆದು ದಾಖಲಿಸುವ ಅವಕಾಶ ಬಂದದ್ದರಿಂದ ಈ ತೊಡಕು ಒಂದಿಷ್ಟು ಸಡಿಲವಾಯಿತು.

ಪಹಣಿಯ ತೊಡಕು ಮಾತ್ರ ಇದಕ್ಕಿಂತ ಆಳದ್ದು. ತೀರಿಕೊಂಡ ತಂದೆಯ ಹೆಸರಿನಲ್ಲೇ ಉಳಿದ ಜಮೀನು, ಅಣ್ಣತಮ್ಮಂದಿರ ಜಂಟಿ ಖಾತೆ ಇದ್ದಲ್ಲಿ ಪರಿಹಾರ ಸಿಕ್ಕಿಹಾಕಿಕೊಳ್ಳುತ್ತದೆ. ಗುತ್ತಿಗೆಗೋ ಕೋರಿಗೋ ಸಾಗುವಳಿ ಮಾಡುವವರಿಗಂತೂ ಹಕ್ಕು ಹೇಳಲು ಕಾಗದವೇ ಇರುವುದಿಲ್ಲ. 1974ರ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ನಿಷೇಧಿಸಿದ್ದರಿಂದ ಇಂಥ ಒಪ್ಪಂದಗಳು ಬಾಯಿಮಾತಿನಲ್ಲೇ ನಡೆಯುತ್ತವೆ. ಬೀಜ, ಗೊಬ್ಬರ, ಕೂಲಿಗೆ ಹಣ ಹಾಕಿದವನು ಗೇಣಿದಾರನಾದರೂ ಪರಿಹಾರ ಸೇರುವುದು ಪಹಣಿಯಲ್ಲಿ ಹೆಸರಿರುವವನ ಖಾತೆಗೆ. ಅದರಲ್ಲಿ ಪಾಲು ಸಿಗುವುದು ಜಮೀನಿನ ಒಡೆಯ ಮನಸ್ಸು ಮಾಡಿದರೆ ಮಾತ್ರ.