ರಜೆಯ ಪ್ರವಾಸ ರೇಸ್ ಆದ ಕತೆ

ಡಿಸೆಂಬರ್ 26 ಎಂದರೆ ನಮ್ಮ ಕ್ರಿಕೆಟ್ ಪ್ರೇಮಿಗಳಿಗೆ ಮೆಲ್ಬರ್ನ್ ಟೆಸ್ಟ್. ನಸುಕಿಗೇ ಎದ್ದು ಟಿ.ವಿ. ಮುಂದೆ ಕೂರುವವರು ಎಷ್ಟೋ ಮಂದಿ. ಅದೇ ದಿನ, ಅಲ್ಲಿನ ಮಧ್ಯಾಹ್ನ ಒಂದು ಗಂಟೆಗೆ, ಸಿಡ್ನಿ ಬಂದರಿನಲ್ಲಿ ತೋಪು ಹಾರುತ್ತದೆ. ಸಾಲುಗಟ್ಟಿ ಕಾದಿದ್ದ ಹಾಯಿದೋಣಿಗಳು ಬಂದರಿನ ಬಾಯಿ ದಾಟಿ ದಕ್ಷಿಣಕ್ಕೆ ತಿರುಗುತ್ತವೆ. ಅವು ಮುಟ್ಟಬೇಕಾದದ್ದು ತಾಸ್ಮೇನಿಯಾ ದ್ವೀಪದ ಹೋಬಾರ್ಟ್. ದೂರ 628 ನಾಟಿಕಲ್ ಮೈಲು, ಅಂದರೆ 1,160 ಕಿಲೋಮೀಟರಿಗೂ ಹೆಚ್ಚು. ಜಗತ್ತಿನ ಅತಿ ಕಠಿಣ ಹಾಯಿದೋಣಿ ರೇಸ್‌ಗಳಲ್ಲಿ ಒಂದೆಂದು ಹೆಸರಾದ ಇದು ಹುಟ್ಟಿದ್ದು ಮಾತ್ರ ಕೆಲವು ಗೆಳೆಯರು ಹಾಕಿಕೊಂಡಿದ್ದ ಕ್ರಿಸ್‌ಮಸ್ ರಜೆಯ ಯೋಜನೆಯಲ್ಲಿ.

1945. ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಹಿಂದಿನ ವರ್ಷವಷ್ಟೇ ಸಿಡ್ನಿಯಲ್ಲಿ ಕ್ರೂಸಿಂಗ್ ಯಾಟ್ ಕ್ಲಬ್ ಆಫ್ ಆಸ್ಟ್ರೇಲಿಯಾ ಶುರುವಾಗಿತ್ತು. ಸಮುದ್ರದ ಮೇಲೆ ಆರಾಮವಾಗಿ ಸುತ್ತಾಡಿ ಬರಬೇಕೆನ್ನುವವರ ಕೂಟ ಅದು. ಅವರಲ್ಲಿ ಪೀಟರ್ ಲ್ಯೂಕ್ ಇದ್ದರು, ಸಮುದ್ರದ ಚಿತ್ರಗಳಿಗೆ ಹೆಸರಾದ ಕಲಾವಿದ ಜಾಕ್ ಅರ್ಲ್ ಇದ್ದರು. ಅರ್ಲ್ ತಮ್ಮ ದೋಣಿಗೆ ‘ಕ್ಯಾಥ್ಲೀನ್ ಗಿಲೆಟ್’ ಎಂದು ಹೆಂಡತಿಯ ತವರಿನ ಹೆಸರನ್ನೇ ಇಟ್ಟಿದ್ದರು. ಕ್ರಿಸ್‌ಮಸ್ ಮುಗಿಸಿಕೊಂಡು ಹೋಬಾರ್ಟ್‌ವರೆಗೆ ಹೋಗಿ ಬರೋಣ ಎಂಬ ಮಾತು ಈ ಗೆಳೆಯರ ನಡುವೆ ನಡೆದಿತ್ತು.

ಆ ದಿನಗಳಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಜಾನ್ ಇಲಿಂಗ್‌ವರ್ತ್ ಸಿಡ್ನಿಯಲ್ಲಿದ್ದರು. ದೂರ ಸಮುದ್ರದ ರೇಸ್‌ಗಳಲ್ಲಿ ಪಳಗಿದ ಕೈ. ಕ್ಲಬ್ಬಿನವರು ಅವರನ್ನು ಉಪನ್ಯಾಸಕ್ಕೆ ಕರೆಸಿದರು, ಜೊತೆಗೆ ಹೋಬಾರ್ಟ್‌ಗೂ ಬನ್ನಿ ಎಂದರು. ರೇಸ್ ಮಾಡುವುದಾದರೆ ಬರುತ್ತೇನೆ ಎಂದರಂತೆ ಇಲಿಂಗ್‌ವರ್ತ್. ಆ ಒಂದು ಮಾತಿಗೆ ಪ್ರವಾಸದ ರೂಪವೇ ಬದಲಾಯಿತು.

ಹೊರಟದ್ದು ಒಂಬತ್ತು ದೋಣಿಗಳು. ದಾರಿಯಲ್ಲಿ ದಕ್ಷಿಣದ ಬಿರುಗಾಳಿ ಹೊಡೆಯಿತು. ಅನುಭವವಿಲ್ಲದ ಕೆಲವರು ಆಸರೆ ಹುಡುಕಿಕೊಂಡು ದಡದ ಕಡೆ ಸರಿದರು. ಇಲಿಂಗ್‌ವರ್ತ್ ಮಾತ್ರ 35 ಅಡಿಯ ತಮ್ಮ ‘ರಾಣಿ’ಯನ್ನು ನಿಲ್ಲಿಸಲೇ ಇಲ್ಲ. 6 ದಿನ, 14 ಗಂಟೆ, 22 ನಿಮಿಷಕ್ಕೆ ಹೋಬಾರ್ಟ್ ಮುಟ್ಟಿ, ಮೊದಲು ತಲುಪಿದ ಗೌರವವನ್ನೂ ಹ್ಯಾಂಡಿಕ್ಯಾಪ್ ಲೆಕ್ಕದ ಗೆಲುವನ್ನೂ ಒಟ್ಟಿಗೇ ಬಾಚಿಕೊಂಡರು. ಲ್ಯೂಕ್ ಅವರ ‘ವೇಫೇರರ್’ ಬಂದದ್ದು 11 ದಿನಗಳ ಮೇಲೆ. ನನಗೆ ಇಬ್ಬರ ಮೇಲೂ ಸಮಾನ ಗೌರವ. ಒಬ್ಬರು ರೇಸ್ ಕಟ್ಟಿದರು, ಇನ್ನೊಬ್ಬರು ಪ್ರವಾಸದ ಸುಖ ಬಿಟ್ಟುಕೊಡಲಿಲ್ಲ.

ಮರುವರ್ಷವೇ ಹೆಣ್ಣುಮಕ್ಕಳೂ ದೋಣಿ ಹತ್ತಿದರು. ಗಂಡನ ‘ಆಕ್ಟಿವ್’ ದೋಣಿಯಲ್ಲಿ ಹೊರಟ ಜೇನ್ ಟೇಟ್ ಈ ರೇಸ್ ಪೂರೈಸಿದ ಮೊದಲ ಮಹಿಳೆ. ಮೊದಲು ಗುರಿ ಮುಟ್ಟುವ ಮಹಿಳಾ ಕಪ್ತಾನರಿಗೆ ಇಂದು ಕೊಡುವ ಪ್ರಶಸ್ತಿ ಅವರ ಹೆಸರಿನಲ್ಲೇ ಇದೆ. ಮುಂದೆ 1963, 64, 65ರಲ್ಲಿ ಟ್ರಿಗ್ವೆ ಮತ್ತು ಮ್ಯಾಗ್ನಸ್ ಹಾಲ್ವರ್‌ಸನ್ ಎಂಬ ಅಣ್ಣತಮ್ಮಂದಿರು ‘ಫ್ರೇಯಾ’ದಲ್ಲಿ ಸತತ ಮೂರು ಸಲ ಗೆದ್ದರು. ದೋಣಿ ಕಟ್ಟುವುದೇ ಅವರ ಮನೆತನದ ಕಸುಬು.

ಈ ರೇಸ್ ಸಾಮಾನ್ಯರ ಕೈತಪ್ಪಿ ಹೋಗದಿರಲು ಮುಖ್ಯ ಕಾರಣ ಹ್ಯಾಂಡಿಕ್ಯಾಪ್ ಪದ್ಧತಿ. ಉದ್ದ, ತೂಕ, ಹಾಯಿಯ ವಿಸ್ತಾರ ಎಲ್ಲವನ್ನೂ ಅಳೆದು ಪ್ರತಿ ದೋಣಿಗೂ ಒಂದು ಗುಣಕ ಕೊಡುತ್ತಾರೆ. ಓಡಿದ ಸಮಯವನ್ನು ಅದರಿಂದ ಗುಣಿಸಬೇಕು. 1.9 ಗುಣಕದ ದೊಡ್ಡ ದೋಣಿ 40 ಗಂಟೆಯಲ್ಲಿ ಬಂದಿತು ಅನ್ನಿ, ಲೆಕ್ಕಕ್ಕೆ ಅದು 76 ಗಂಟೆ. ಗುಣಕ 1 ಇರುವ ಪುಟ್ಟ ದೋಣಿ ಮೂರು ದಿನ ದಾಟಿಸಿ 75 ಗಂಟೆಗೆ ಬಂದರೂ ಕಪ್ ಅದಕ್ಕೇ. ಕೋಟಿಗಟ್ಟಲೆ ಸುರಿದು ಕಟ್ಟಿಸಿದ ನೂರು ಅಡಿಯ ದೋಣಿಗಳ ಚಿತ್ರವೇ ಪತ್ರಿಕೆಗಳ ಮುಖಪುಟ ತುಂಬುತ್ತದೆ. 2017ರಲ್ಲಿ ‘ಕೊಮಾಂಚಿ’ 1 ದಿನ, 9 ಗಂಟೆ, 15 ನಿಮಿಷಕ್ಕೆ ತಲುಪಿ ಬರೆದ ದಾಖಲೆ ನಿಜಕ್ಕೂ ಬೆರಗಿನದು. ಆದರೂ ಈ ರೇಸಿನ ದೊಡ್ಡ ಬಹುಮಾನ ಟಾಟರ್‌ಸಾಲ್ ಕಪ್, ಅದು ಹ್ಯಾಂಡಿಕ್ಯಾಪ್ ಗೆದ್ದವರಿಗೆ. ಹಾಗಿರುವುದೇ ಸರಿ.

ದಾರಿಯ ನಡುವೆ ಬಾಸ್ ಜಲಸಂಧಿ ಇದೆ. ಸರಾಸರಿ ಆಳ 60 ಮೀಟರ್ ಅಷ್ಟೇ. ಪೂರ್ವ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಹರಿಯುವ ಪ್ರವಾಹಕ್ಕೆ ಎದುರಾಗಿ ದಕ್ಷಿಣದಿಂದ ಗಾಳಿ ಬೀಸಿತೆಂದರೆ ಅಲೆಗಳು ಒತ್ತೊತ್ತಾಗಿ, ಗೋಡೆಯಂತೆ ಕಡಿದಾಗಿ ಏಳುತ್ತವೆ. 1998ರಲ್ಲಿ ಆದದ್ದು ಅದೇ. ಹೊರಟ 115 ದೋಣಿಗಳಲ್ಲಿ ಹೋಬಾರ್ಟ್ ಸೇರಿದ್ದು 44. ಐದು ದೋಣಿಗಳು ಮುಳುಗಿದವು. ಹೆಲಿಕಾಪ್ಟರ್‌ನವರು ಜೀವದ ಹಂಗು ತೊರೆದು ಹುಡುಕಾಡಿದರು. 55 ಮಂದಿಯನ್ನು ರಕ್ಷಿಸಲಾಯಿತು, ಆರು ಮಂದಿ ತೀರಿಕೊಂಡರು. ಮುಳುಗಿದ್ದರಲ್ಲಿ ಒಂದು ‘ವಿನ್‌ಸ್ಟನ್ ಚರ್ಚಿಲ್’. 1945ರ ಮೊದಲ ರೇಸಿನಲ್ಲೇ ಓಡಿದ್ದ ಮರದ ದೋಣಿ ಅದು. ಅದರ ಒಂಬತ್ತು ಮಂದಿ ಎರಡು ಲೈಫ್‌ರಾಫ್ಟ್‌ಗಳಿಗೆ ಇಳಿದರು. ಒಂದು ಅಲೆಗೆ ಸಿಕ್ಕಿ ಮಗುಚಿತು, ಮೂವರು ಮರಳಲಿಲ್ಲ.

ಕೊರೋನರ್ ವಿಚಾರಣೆ ನಡೆಯಿತು, ನಿಯಮಗಳು ಬಿಗಿಯಾದವು. ಜಲಸಂಧಿಗೆ ಇಳಿಯುವ ಮುಂಚೆ ಗ್ರೀನ್ ಕೇಪ್ ಬಳಿ ಪ್ರತಿ ದೋಣಿಯೂ ರೇಡಿಯೊದಲ್ಲಿ ವರದಿ ಮಾಡಬೇಕು: ದೋಣಿ, ರೇಡಿಯೊ, ಜನ ಎಲ್ಲ ಸರಿ ಇದೆ, ಮುಂದೆ ಹೋಗಲು ನಾವು ಸಿದ್ಧ. ಆ ಒಂದು ಮಾತು ಹೇಳುವ ಮುಂಚೆ ಕಪ್ತಾನ ತನ್ನವರ ಮುಖವನ್ನೊಮ್ಮೆ ನೋಡಲೇಬೇಕಾಗುತ್ತದೆ. ಈ ರೇಸ್ ಕಲಿತ ಅತ್ಯಂತ ವಿವೇಕದ ಪಾಠ ಇದೆಂದೇ ನನ್ನ ನಂಬಿಕೆ.

ಮೊದಲ ರೇಸಿನ ‘ಕ್ಯಾಥ್ಲೀನ್ ಗಿಲೆಟ್’ ಇಂದಿಗೂ ಉಳಿದಿದೆ. 1947ರಲ್ಲಿ ಅರ್ಲ್ ಅದರಲ್ಲೇ ಭೂಪ್ರದಕ್ಷಿಣೆಗೂ ಹೊರಟರು. ಈಗ ಅದು ಸಿಡ್ನಿಯ ಡಾರ್ಲಿಂಗ್ ಹಾರ್ಬರ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದ ಸ್ವತ್ತು. ಮಕ್ಕಳ ಮನೆಗೆಂದು ಡಿಸೆಂಬರಿನಲ್ಲಿ ಸಿಡ್ನಿಗೆ ಹೋಗುವ ಕನ್ನಡಿಗರು ಈಗ ಬಹಳ. 26ರಂದು ಬುತ್ತಿ ಕಟ್ಟಿಕೊಂಡು, ಮೊಮ್ಮಕ್ಕಳ ಜೊತೆ ಬೇಗನೇ ಸೌತ್ ಹೆಡ್ ಗುಡ್ಡ ಸೇರಿ ಜಾಗ ಹಿಡಿಯಿರಿ. ಟಿಕೆಟ್ ಇಲ್ಲ. ದೊಡ್ಡ ದೋಣಿಗಳು ಹೋದವೆಂದು ಎದ್ದುಬಿಡಬೇಡಿ, ಹಿಂದಿನ ಪುಟ್ಟ ದೋಣಿಗಳು ದಾಟುವವರೆಗೂ ಇರಿ. ಕಪ್ ಗೆಲ್ಲುವವರು ಅವುಗಳಲ್ಲೇ ಇರಬಹುದು.