ಒಂದು ತಿಂಗಳು ಮದ್ಯವಿಲ್ಲದ ಸಂಜೆ



ಪ್ರತಿವರ್ಷ ನವೆಂಬರ್ ಮಧ್ಯಭಾಗದಲ್ಲಿ ನಮ್ಮ ಊರುಗಳ ಹಲವರು ಶಬರಿಮಲೆಗೆ ಮಾಲೆ ಧರಿಸುತ್ತಾರೆ. ವರ್ಷವೆಲ್ಲ ಸಂಜೆಯಾದೊಡನೆ ಸೀಸೆಯ ಕಡೆ ನೋಡುತ್ತಿದ್ದವರು ಸಹ 41 ದಿನ ಒಂದು ತೊಟ್ಟು ಮುಟ್ಟುವುದಿಲ್ಲ. ಅದೂ ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡೂ ಮೈಮೇಲೆ ಬಿದ್ದಿರುವ ದಿನಗಳಲ್ಲಿ! ಭಕ್ತಿಯೇ ಇದಕ್ಕೆ ಮೊದಲ ಕಾರಣವೆಂಬುದು ನಿಜ. ಜೊತೆಗೆ ಇನ್ನೂ ಮೂರು ಕಾರಣಗಳುಂಟು. ವ್ರತಕ್ಕೆ ಗೊತ್ತಾದ ಅವಧಿಯಿದೆ. ನಾಲ್ಕು ಜನರಿಗೆ ತಿಳಿಯುವಂತೆ ಅದು ಆರಂಭವಾಗಿದೆ. ಕುಡಿಯುವ ಹೊತ್ತಿಗೆ ಸರಿಯಾಗಿ ಭಜನೆಯಿದೆ. ಈ ಮೂರನ್ನು ಯಾವ ಮತದವರೂ ಯಾವ ತಿಂಗಳಲ್ಲೂ ಅಳವಡಿಸಿಕೊಳ್ಳಬಹುದು. ಬ್ರಿಟನ್ನಿನಲ್ಲಿ 2013ರಿಂದ ಜನವರಿ ತಿಂಗಳಿಡೀ ಮದ್ಯ ಬಿಡುವ ಪ್ರಚಾರ ನಡೆಯುತ್ತಿರುವುದೂ ಇದೇ ಬಗೆಯದು.

30 ಮಿಲಿಲೀಟರ್ ವಿಸ್ಕಿ ಅಥವಾ ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರವಿರುತ್ತದೆ. ಇಷ್ಟನ್ನು ಕರಗಿಸಲು ಲಿವರಿಗೆ ಸುಮಾರು ಒಂದು ಗಂಟೆ ಬೇಕು. ಕುಡಿದರೆ ನಿದ್ರೆ ಬೇಗ ಹತ್ತುತ್ತದೆ, ಆದರೆ ನಡುರಾತ್ರಿಯ ನಂತರ ಅದು ಹರಿದುಹೋಗುತ್ತದೆ. ಬೆಳಿಗ್ಗೆ ತೋಟಕ್ಕಿಳಿಯುವಾಗ ಮೈ ಭಾರ. ಕೆಲವು ವಾರ ಬಿಟ್ಟರೆ ನಿದ್ರೆ ಸುಧಾರಿಸುತ್ತದೆ, ರಕ್ತದ ಒತ್ತಡ ಇಳಿಯಬಹುದು, ಲಿವರಿನಲ್ಲಿ ಸೇರಿದ ಕೊಬ್ಬು ಕಡಿಮೆಯಾಗುತ್ತದೆ. ಆರೋಗ್ಯಕ್ಕೆ ನಿರಪಾಯವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ.

ಇನ್ನು ಸಂಗೀತದ ಮಾತು. ಕುಡಿತದ ಆಸೆ ಬಹಳಮಟ್ಟಿಗೆ ಹೊತ್ತು ಮತ್ತು ಜಾಗಕ್ಕೆ ಅಂಟಿಕೊಂಡಿರುತ್ತದೆ. ಆಳುಗಳ ಲೆಕ್ಕ ಮುಗಿದು, ಜಗಲಿಯ ಕುರ್ಚಿಯಲ್ಲಿ ಕುಳಿತೊಡನೆ ಅದು ಏಳುತ್ತದೆ. ಆದರೆ ಮಣಿಯದೆ ಕುಳಿತರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ. ಆ ಅರ್ಧ ಗಂಟೆಯನ್ನು ಬರಿದೇ ಬಿಡದೆ ಹಾಡಿಗೆ ಕೊಡಬೇಕು. ಕಾಳಿಂಗರಾಯರ ಭಾವಗೀತೆಯೋ, 1978ರಲ್ಲಿ ಬಂದ ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ವೋ, ಶರೀಫರ ತತ್ವಪದವೋ, ಯಕ್ಷಗಾನದ ಪದವೋ, ಹಳೆಯ ಸಿನಿಮಾ ಹಾಡೋ, ಅವರವರ ಇಷ್ಟ. ಗ್ಲಾಸು ಹಿಡಿದೇ ಕೇಳುತ್ತಿದ್ದ ಹಾಡುಗಳನ್ನು ಮಾತ್ರ ಮೊದಲ ವಾರಗಳಲ್ಲಿ ದೂರವಿಡುವುದು ಮೇಲು. ಅವು ಆಸೆಯನ್ನು ಕರೆತರುತ್ತವೆ. ಕುರ್ಚಿಯ ಜಾಗ ಬದಲಿಸಿ, ಮನೆಯವರನ್ನೂ ಕೂರಿಸಿಕೊಳ್ಳಿ. ಹಾಡಬಲ್ಲವರು ದನಿಗೂಡಿಸಲಿ. ಕುಡಿಯಲು ಬೆಲ್ಲದ ಪಾನಕವೋ ಮಜ್ಜಿಗೆಯೋ ಇರಲಿ. ನಮ್ಮದೇ ಬೆಳೆಯಾದರೂ ರಾತ್ರಿ ಕಾಫಿ ಬೇಡ, ನಿದ್ರೆ ಕೆಡುತ್ತದೆ. ಸೀಸೆ ಬಿಟ್ಟ ಕೈ ಹೊಗೆಸೊಪ್ಪಿನ ಕವಳಕ್ಕೂ ಹೋಗದಿರಲಿ.

ಒಂದು ಮುಖ್ಯ ಎಚ್ಚರಿಕೆ. ಈ ಕ್ರಮ ಮಿತವಾಗಿ ಕುಡಿಯುವವರಿಗೆ. ದಿನವೂ ವಿಪರೀತ ಕುಡಿಯುವವರು, ಬೆಳಿಗ್ಗೆ ಕೈನಡುಕ ನಿಲ್ಲಿಸಲೆಂದೇ ಕುಡಿಯುವವರು ಒಮ್ಮೆಗೇ ಬಿಟ್ಟರೆ ಪ್ರಾಣಕ್ಕೇ ಅಪಾಯ. ಮೊದಲ ಮೂರು ನಾಲ್ಕು ದಿನಗಳಲ್ಲಿ ಬೆವರು, ನಡುಕ, ಫಿಟ್ಸ್, ಇಲ್ಲದ್ದು ಕಂಡಂತಾಗುವ ಭ್ರಮೆ ಬರಬಹುದು. ಅದನ್ನು ಗಾಳಿ-ಗ್ರಹವೆಂದು ಮಂತ್ರಿಸಲು ಕೂರದೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಅಂಥವರು ವೈದ್ಯರನ್ನು ಕಂಡೇ ಬಿಡತಕ್ಕದ್ದು. ಲೈನ್‌ಮನೆಗಳಲ್ಲಿರುವ ಕೆಲಸಗಾರರಿಗೂ ಈ ವಿಷಯ ತಿಳಿಸಿ ಹೇಳಿ. 14416ಕ್ಕೆ ದೂರವಾಣಿ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಿಂದ ಉಚಿತ ಸಲಹೆ ದೊರೆಯುತ್ತದೆ.

ಮಾಲೆ ತೆಗೆದ ಮರುದಿನವೇ ಹಳೆಯ ಚಾಳಿಗೆ ಮರಳುವವರನ್ನೂ ನಾವು ನೋಡುತ್ತೇವೆ. ಅವಧಿ ಮುಗಿದೊಡನೆ ಭಜನೆಯೂ ನಿಂತು, ಸಂಜೆ ಮತ್ತೆ ಖಾಲಿಯಾಗುವುದೇ ಇದಕ್ಕೆ ಒಂದು ಕಾರಣ. ಆದುದರಿಂದ ತಿಂಗಳು ಮುಗಿದ ಮೇಲೂ ಹಾಡನ್ನು ನಿಲ್ಲಿಸಬೇಡಿ. ಉಳಿದ ಹಣವನ್ನು ದಿನದಿನವೂ ಡೈರಿಯಲ್ಲಿ ಬರೆದಿಟ್ಟು, ಮೂವತ್ತನೆಯ ದಿನ ಮನೆಯವರೆದುರಿಗೆ ಕೂಡಿ ನೋಡಿ. ಮುಂದಿನ ತಿಂಗಳು ಏನು ಮಾಡಬೇಕೆಂಬುದನ್ನು ಆ ಲೆಕ್ಕ ನೋಡಿಯೇ ತೀರ್ಮಾನಿಸಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.