ಕಾಡಿನ ಶಿಬಿರಕ್ಕೆ ಹೊರಡುವ ಮುನ್ನ

ರಜೆ ಬಂತೆಂದರೆ ನಮ್ಮ ಯಡಿಯೂರು, ಕುಣಿಗಲ್ ಕಡೆಯ ಕುಟುಂಬಗಳು ದೇವಸ್ಥಾನಕ್ಕೋ ನೆಂಟರ ಊರಿಗೋ ಹೋಗುವುದು ರೂಢಿ. ಈಚೆಗೆ ಮೈಸೂರು ದಾಟಿ, ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ, ಕಬಿನಿ ದಂಡೆಯ ಕಾರಾಪುರದಂಥ ಕಾಡಿನ ಶಿಬಿರಗಳಿಗೂ ಹೋಗುತ್ತಿದ್ದಾರೆ. ಟೆಂಟಿನಲ್ಲಿ ಮಲಗಿ, ಬೆಳಗ್ಗೆ ಜೀಪಿನಲ್ಲಿ ಆನೆ, ಕಾಟಿಗಳನ್ನು ನೋಡಿ ಬರುವುದು ಮನಸ್ಸಿಗೆ ಒಳ್ಳೆಯದೇ. "ಡಾಕ್ಟ್ರೇ, ಹುಲಿ ಭಯ ಇಲ್ಲವೇ?" ಎಂದು ಕೇಳುವವರು ಬಹಳ. ನನಗೆ ಹುಲಿಗಿಂತ ಅಜ್ಜಿಯ ಸಕ್ಕರೆ ಕಾಯಿಲೆ, ಉಣ್ಣೆ ಮತ್ತು ಆಸ್ಪತ್ರೆಯ ದೂರದ್ದೇ ಚಿಂತೆ.

ಆಸ್ಪತ್ರೆ ಎಷ್ಟು ದೂರ?

ಕೊಠಡಿ ಕಾದಿರಿಸುವಾಗಲೇ ಇದನ್ನು ಕೇಳಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸೋಲಿಗರಿಗಾಗಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಇದೆ. ದೊಡ್ಡ ಚಿಕಿತ್ಸೆಗೆ ಚಾಮರಾಜನಗರಕ್ಕೆ ಇಳಿಯಬೇಕು. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಸಿಗದಿರಬಹುದು. ರಾತ್ರಿ ಅರಣ್ಯದ ಗೇಟು ಮುಚ್ಚಿರಬಹುದು. ತುರ್ತಾದರೆ ವಾಹನ ಯಾವುದು, ಗೇಟು ತೆಗೆಸುವವರು ಯಾರು ಎಂದು ಮೊದಲೇ ತಿಳಿದುಕೊಳ್ಳಿ. ಈಚೆಗೆ ಹೃದಯಾಘಾತವಾದವರು, ನಡೆದರೆ ಎದೆನೋವು ಬರುವವರು, ಹೆರಿಗೆಯ ದಿನ ಹತ್ತಿರವಿರುವವರು ಇಂಥ ಪ್ರವಾಸವನ್ನು ಮುಂದೂಡುವುದು ಲೇಸು.

ಜೀಪು ಹತ್ತುವ ಮುನ್ನ

ಸಫಾರಿ ಹೊರಡುವುದು ಬೆಳಕು ಹರಿಯುವ ಹೊತ್ತಿಗೆ. ತಿಂಡಿ ಸಿಗುವುದು ಮರಳಿದ ಮೇಲೆ. ಮನೆಯ ಅಭ್ಯಾಸದಂತೆ ಇನ್ಸುಲಿನ್ ಚುಚ್ಚಿಕೊಂಡು ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಬರೀ ಕಾಫಿ ಕುಡಿದು ಜೀಪು ಹತ್ತಿದರೆ ರಕ್ತದ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ತಬ್ಬಿಬ್ಬು ಇದರ ಲಕ್ಷಣ. ಔಷಧಿಯ ಹೊತ್ತು ಬದಲಿಸುವ ಬಗ್ಗೆ ಹೊರಡುವ ಮುನ್ನವೇ ನಿಮ್ಮ ವೈದ್ಯರನ್ನು ಕೇಳಿ. ಜೇಬಿನಲ್ಲಿ ಸಕ್ಕರೆ, ಬಿಸ್ಕತ್ತು ಇರಲಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರೂ ಸಮಯ ಕೇಳಿಕೊಳ್ಳಬೇಕು. ಕಾಡಿನ ನಡುವೆ ಜೀಪಿನಿಂದ ಇಳಿಯುವಂತಿಲ್ಲ! ಉಬ್ಬಸದವರು ಇನ್‌ಹೇಲರನ್ನು ಚೀಲದಲ್ಲಿ ಬಿಡದೆ ಕೈಯಲ್ಲೇ ಇಟ್ಟುಕೊಳ್ಳಲಿ. ಮಣ್ಣಿನ ದಾರಿಯಲ್ಲಿ ದೂಳು ವಿಪರೀತ.

ಹಾವು, ಉಣ್ಣೆ

ಕಟ್ಟುಹಾವು ರಾತ್ರಿ ಸಂಚರಿಸುತ್ತದೆ. ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ಗಾಯ ಕಾಣಿಸದೆ, ನೋವೂ ಇಲ್ಲದೆ, ಬೆಳಗ್ಗೆ ಹೊಟ್ಟೆನೋವು, ಮುಚ್ಚಿಕೊಳ್ಳುವ ರೆಪ್ಪೆಗಳಿಂದಷ್ಟೇ ಗೊತ್ತಾಗಬಹುದು. ಮಂಚದ ಮೇಲೆ ಮಲಗಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ, ಟೆಂಟಿನ ಜಿಪ್ ಪೂರ್ತಿ ಎಳೆಯಿರಿ. ಬೂಟು ಕೊಡವಿ ಹಾಕಿಕೊಳ್ಳಿ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಕಾಲಿಡಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಪಟ್ಟಿ ಕೊಟ್ಟು, ವಿಷನಿರೋಧಕ ಚುಚ್ಚುಮದ್ದಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ.

ಉಣ್ಣೆಯನ್ನು ಹಗುರವಾಗಿ ಕಾಣಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ. 2012ರಲ್ಲಿ ಅದು ಬಂಡೀಪುರದ ಕಡೆಯೂ ಕಾಣಿಸಿಕೊಂಡಿತು. ತುಂಬು ತೋಳಿನ ಅಂಗಿ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಿ. ಸಂಜೆ ಮಕ್ಕಳ ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ ನೋಡಿ. ಉಣ್ಣೆ ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಸುಡುವುದು, ಸೀಮೆಎಣ್ಣೆ ಹಚ್ಚುವುದು ತಪ್ಪು.

ಆಫ್ರಿಕಕ್ಕೆ ಹೊರಟವರಿಗೆ

ಮಕ್ಕಳು ಹೊರದೇಶದಲ್ಲಿದ್ದು, ಅವರ ಜೊತೆ ಕೀನ್ಯಾದ ಸಫಾರಿಗೆ ಹೊರಟವರು ಕನಿಷ್ಠ 10 ದಿನ ಮೊದಲು ಮಾನ್ಯತೆ ಪಡೆದ ಕೇಂದ್ರದಲ್ಲಿ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಪಡೆಯಬೇಕು. ಅದಿಲ್ಲದೆ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸಬಹುದು. 60 ದಾಟಿದವರು ಲಸಿಕೆಗೆ ಮುನ್ನ ವೈದ್ಯರೊಂದಿಗೆ ಚರ್ಚಿಸಲೇಬೇಕು. ಮಲೇರಿಯಾ ತಡೆಯುವ ಮಾತ್ರೆಯನ್ನು ಹೋಗುವ ಮುನ್ನವೇ ಆರಂಭಿಸಿ, ಮರಳಿದ ಮೇಲೂ ವೈದ್ಯರು ಹೇಳಿದಷ್ಟು ದಿನ ನುಂಗಬೇಕು.

ಮರಳಿದ ಮೇಲೆ ಜ್ವರ ಬಂದರೆ

ಹೆಚ್ಚಿನವರು ಮರೆಯುವುದು ಇದನ್ನೇ. ಮಂಗನ ಕಾಯಿಲೆ ಸಾಮಾನ್ಯವಾಗಿ 3ರಿಂದ 8 ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ನುಸಿಯಂಥ ಕೀಟದಿಂದ ಬರುವ ಸ್ಕ್ರಬ್ ಟೈಫಸ್‌ಗೆ 3 ವಾರ ಹಿಡಿಯಬಹುದು. ಮಲೇರಿಯಾ ತಿಂಗಳುಗಳ ನಂತರವೂ ಬಂದೀತು. ಸ್ಕ್ರಬ್ ಟೈಫಸ್‌ನಲ್ಲಿ ಮೈಮೇಲೆಲ್ಲೋ ಸಿಗರೇಟು ಸುಟ್ಟಂಥ ಕಪ್ಪು ಹಕ್ಕಳೆ ಇರುವುದುಂಟು. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯಿಂದ ವಾಸಿಯಾಗುತ್ತದೆ. ತಡವಾದರೆ ಪ್ರಾಣಕ್ಕೇ ಅಪಾಯ. ಜ್ವರಕ್ಕೆ ಆಸ್ಪಿರಿನ್ ನುಂಗಬೇಡಿ, ಪ್ಯಾರಾಸಿಟಮಾಲ್ ಸಾಕು. "ವೈರಲ್ ಜ್ವರ ಇರಬೇಕು" ಎಂದು ನೀವೇ ತೀರ್ಮಾನಿಸದೆ ವೈದ್ಯರ ಬಳಿ ಹೋಗಿ. ಅವರು ಕೇಳದಿದ್ದರೂ ಯಾವ ಕಾಡಿಗೆ, ಯಾವ ದಿನ ಹೋಗಿದ್ದಿರಿ ಎಂದು ಮೊದಲು ಹೇಳಿ.